ಕಣ್ಣು ಬರೆಯುವ ಪುಟ

ನನ್ನ ಹತ್ತಿರ ಇಪ್ಪತ್ತೆಂಟು ದೊಡ್ಡ ಪುಸ್ತಕಗಳಿವೆ. ಬಾಹ್ಯಾಕಾಶದ, ಅನ್ಯಲೋಕದ ಜೀವಿಗಳ ಇಂಗ್ಲಿಷ್ ಸಿನಿಮಾಗಳನ್ನು ತೆರೆಯ ಹಿಂದೆ ಹೇಗೆ ಕಟ್ಟಿದರು ಎಂದು ತೋರಿಸುವಂಥವು: ಮೊದಲು ಬರೆದ ಚಿತ್ರಗಳು, ಜೇಡಿಮಣ್ಣಿನ ಮಾದರಿಗಳು, ಮುಖವಾಡಗಳು. ಬ್ರಹ್ಮಾವರದ ನಮ್ಮ ಮನೆಗೆ ಬಂದವರು ನನಗೆ ಸಿನಿಮಾ ಹುಚ್ಚು ಎಂದುಕೊಳ್ಳುತ್ತಾರೆ. ಆ ಸಿನಿಮಾಗಳಲ್ಲಿ ಒಂದನ್ನೂ ನಾನು ಕೊನೆಯವರೆಗೆ ಕೂತು ನೋಡಿಲ್ಲ. ಹೆದರಿಕೆ.

ಮೊದಲ ಪುಸ್ತಕ ಬಂದದ್ದು ತೊಂಬತ್ತೇಳರಲ್ಲಿ. ನನಗೆ ಹತ್ತು ವರ್ಷ, ಆಗ ನಾವಿದ್ದದ್ದು ಬೈಂದೂರಿನಲ್ಲಿ. ಅಪ್ಪಯ್ಯನದು ಮಾಡಿಗೆ ಹಂಚು ಹೊದಿಸುವ ಕೆಲಸ. ಆ ವರ್ಷ ಮಳೆಗೆ ಮುಂಚೆ ವಂಡ್ಸೆಯ ಒಂದು ಮನೆಯಲ್ಲಿ, ಮೂಲೆಗೆ ಕೂರುವಂತೆ ಹಂಚು ಕಡಿಯುತ್ತಿದ್ದಾಗ ಚೂರು ಹಾರಿ ಎಡಗಣ್ಣಿಗೆ ಹೊಕ್ಕಿತು. ಕಣ್ಣು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ತೆಗೆದರು.

ಬ್ಯಾಂಡೇಜು ಬಿಚ್ಚಿದ ದಿನ ನೋಡಿಬಿಟ್ಟೆ. ರೆಪ್ಪೆಯ ಒಳಗೆ ಕೆಂಪಗೆ, ಒದ್ದೆಯಾಗಿ, ಖಾಲಿ. ಅಪ್ಪಯ್ಯ ಹತ್ತಿರ ಕರೆದರು. ನಾನು ಅಡುಗೆಮನೆಗೆ ಓಡಿ ಅಮ್ಮನ ಸೆರಗು ಹಿಡಿದೆ. ಮರುದಿನದಿಂದ ಅವರು ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡೇ ಇರತೊಡಗಿದರು. ಅದು ನನಗೋಸ್ಕರ ಎಂದು ಗೊತ್ತಿತ್ತು. ಗೊತ್ತಿದ್ದೂ ಅವರ ಎಡಬದಿಗೆ ಊಟಕ್ಕೆ ಕೂರಲಿಲ್ಲ. ಕನ್ನಡಕ ಎಲ್ಲಿ ಜಾರೀತೋ ಎಂದು ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಬೊಂಬಾಯಿಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಗೆ ಕೂರುತ್ತಿದ್ದ ಮಾವ, ಅಮ್ಮನ ತಮ್ಮ, ಅಪ್ಪಯ್ಯನನ್ನು ನೋಡಲು ಬಂದರು. ನಾನು ಚಿತ್ರ ಬರೆಯುತ್ತೇನೆಂದು ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಿಂದ ಒಂದನ್ನು ತಂದಿದ್ದರು. ಒಳಗೆ ಏನಿದೆ ಎಂದು ಅವರೂ ಸರಿಯಾಗಿ ನೋಡಿರಲಿಲ್ಲ. ನಾನು ತೆರೆದ ಪುಟದಲ್ಲಿ ಮೇಜಿನ ಮೇಲೆ ಸಾಲಾಗಿ ತಲೆಗಳಿದ್ದವು. ಬೂದು ಚರ್ಮ, ತೆರೆದ ಬಾಯಿ, ಕಣ್ಣಿನ ಜಾಗದಲ್ಲಿ ತೂತು. ಪುಸ್ತಕ ಮುಚ್ಚಿ ಹಾಸಿಗೆಗಳ ಅಡಿಗೆ ತುರುಕಿದೆ.

ನಾಲ್ಕು ದಿನ ಕಳೆದು ನೋಡಿದರೆ ಅದು ಜಗಲಿಯಲ್ಲಿ ಅಪ್ಪಯ್ಯನ ಮಡಿಲಲ್ಲಿತ್ತು. ಅವರು ಒಂದು ಚಿತ್ರದ ಮೇಲೆ ಬೆರಳಿಟ್ಟು, “ಇಲ್ಲ್ ಎಂತ ಬರ್ದಿದ್ರ್, ಮಗಾ?” ಎಂದರು. ಒಬ್ಬ ಹೆಂಗಸು ಸಪೂರ ಕುಂಚ ಹಿಡಿದು ಬಿಳೀ ಗೋಲಿಯ ಮೇಲೆ ಕಣ್ಣು ಬರೆಯುತ್ತಿದ್ದಳು. ನನಗೂ ಅಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಪಕ್ಕದ ಮನೆಯ ಟೀಚರಲ್ಲಿ ಓದಿಸಿಕೊಂಡು ಬಂದು ಹೇಳಿದೆ: ನರ ಕಾಣಲಿಕ್ಕೆ ಕೆಂಪು ರೇಷ್ಮೆಯ ಎಳೆ ಅಂಟಿಸುತ್ತಾರಂತೆ, ಮನುಷ್ಯರಿಗೆ ಹಾಕುವ ಕಣ್ಣನ್ನೂ ಹೀಗೇ ಮಾಡುತ್ತಾರಂತೆ.

ಅಪ್ಪಯ್ಯ ಪುಸ್ತಕ ಎತ್ತಿ ಬಲಗಣ್ಣಿನ ಹತ್ತಿರ ಹಿಡಿದು ಆ ಗೋಲಿಯನ್ನು ನೋಡಿದರು. ಆಮೇಲೆ, “ನಂಗೂ ಮಾಡಿ ಕೊಡ್ತ್ರಾ ಕೇಂಬ,” ಎಂದರು.

ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಂಡು, ಕಣ್ಣು ಮಾಡುವವರಲ್ಲಿಗೆ ನನ್ನನ್ನೂ ಕರೆದುಕೊಂಡು ಹೋದರು. ಇವಳಿಗೆ ಬಣ್ಣ ಗೊತ್ತಾಗುತ್ತದೆ ಎಂದು ಅಮ್ಮನಿಗೆ ಹೇಳಿದ್ದರು. ಬಣ್ಣ ಹಚ್ಚುತ್ತಿದ್ದವರು, ಹೊಂದುತ್ತದಾ ನೋಡು ಎಂದು ನನ್ನನ್ನೇ ಕೇಳಿದರು. ಅಪ್ಪಯ್ಯ ಕನ್ನಡಕ ತೆಗೆದರು. ಉಗುರು ಅಂಗೈಗೆ ಒತ್ತಿ ಹಿಡಿದು ಬಲಗಣ್ಣನ್ನು ಮಾತ್ರ ನೋಡಿದೆ. ಕಪ್ಪು ಎಂದುಕೊಂಡಿದ್ದದ್ದು ಕಪ್ಪಾಗಿರಲಿಲ್ಲ. ಹುರಿದ ಕಾಫಿಬೀಜದ ಬಣ್ಣ, ಕೆಳಗೆ ಒಂದು ಹಳದಿ ಚುಕ್ಕಿ. ಹೇಳಿದೆ. ಅವರು ಚುಕ್ಕಿ ಇಟ್ಟರು.

ಹೊಸ ಕಣ್ಣು ಹಾಕಿಸಿಕೊಂಡು ಅಪ್ಪಯ್ಯ ನನ್ನ ಕಡೆ ತಿರುಗಿದರು. ಒಂದು ಕಣ್ಣು ಹೊರಳಿತು, ಇನ್ನೊಂದು ತುಸು ತಡೆದು ಹಿಂದೆ ಬಂತು. ಖಾಲಿ ಗುಳಿಗಿಂತ ಅದೇ ನನ್ನನ್ನು ಹೆಚ್ಚು ಹೆದರಿಸಿತು. ಆದರೂ ಬಸ್ಸಿನಲ್ಲಿ ಅವರ ಎಡಬದಿಗೆ ಕೂತೆ. ಬೈಂದೂರು ಬರುವವರೆಗೂ ಜಾಗ ಬದಲಿಸಲಿಲ್ಲ.

ಮರುವರ್ಷ ಊರಿಗೆ ಬಂದಿದ್ದ ಮಾವ ಬೊಂಬಾಯಿಗೆ ಹೊರಡುವಾಗ, ಮುಂದಿನ ಸಲ ಏನು ತರಲಿ ಎಂದು ಕೇಳಿದರು. ಅಂಥದ್ದೇ ಇನ್ನೊಂದು ಪುಸ್ತಕ ಎಂದೆ.

“ನಿಂಗ್ ಹೆದ್ರಿಕಿ ಆತಿಲ್ಯಾ?”

“ಆತ್ತ್,” ಎಂದೆ. “ಆದ್ರೂ ತನ್ನಿ.”

ಅವರು ಬೊಂಬಾಯಿ ಬಿಡುವವರೆಗೂ ತಂದರು. ಈಗ ಕೊರಿಯರಿನಲ್ಲಿ ಬರುತ್ತವೆ. ಹೊಸದು ಬಂದರೆ ಅಪ್ಪಯ್ಯನ ಪಕ್ಕ ಕೂತೇ ಬಿಚ್ಚುತ್ತೇನೆ. ಮೊದಲ ಪುಟ ಅವರೇ ತಿರುವಬೇಕು.