ಒನೆಲಿಯಾ ಮತ್ತು ತಾರೀಖು ಮರೆತ ಯಂತ್ರ

ಒನೆಲಿಯಾ ಬೆತಾಂಕೂರಳನ್ನು ನಗಿಸಿದವರಿಗೆ ಒಂದು ಬಾಟಲಿ ರಮ್ ಎಂದು ನಮ್ಮ ಕಮಾಗ್ವೇ ಊರಿನ ರೇಡಿಯೋ ಕೇಂದ್ರದಲ್ಲಿ ಪಂದ್ಯ ಕಟ್ಟಿದ್ದೆವು. ಬಾಟಲಿ ಕಪಾಟಿನಲ್ಲಿ ಧೂಳು ಹಿಡಿಯುತ್ತಿತ್ತು. ಗಂಡ ಎವೇಲಿಯೋ ಫೆಬ್ರವರಿಯಲ್ಲಿ ತೀರಿಕೊಂಡ ಮೇಲೆ ಆಕೆ ನಕ್ಕಿರಲಿಲ್ಲ, ಅತ್ತಿರಲೂ ಇಲ್ಲ. ಹೆಣದ ಪಕ್ಕದಲ್ಲಿ ನಿಂತು ಆಕೆ ಕೇಳಿದ್ದು ಒಂದೇ ಮಾತು: "ಫ್ಯಾನ್ ಯಾರು ಆಫ್ ಮಾಡಿದ್ದು?" ಯಾರೂ ಮಾಡಿರಲಿಲ್ಲ. ಕರೆಂಟ್ ಹೋಗಿತ್ತು.

ಎವೇಲಿಯೋ ಹಗಲೂ ರಾತ್ರಿ ಕಪ್ಪು ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದ ಶೋಕಿಲಾಲ. ಆತನ ಬಗ್ಗೆ ನಮಗೆ ಗೊತ್ತಿದ್ದದ್ದು ಅಷ್ಟೇ ಎಂಬುದು ಮುಂದೆ ತಿಳಿಯಿತು.

ಒನೆಲಿಯಾ ನಮ್ಮ ಕೇಂದ್ರದ ಕಂಪ್ಯೂಟರ್‌ಗಳ ಮಹಾರಾಣಿ. ಮಧ್ಯಾಹ್ನ ನಾನು ಓದುವ ಔಷಧಿ ಕಾರ್ಯಕ್ರಮ ನಿಂತಿದ್ದೇ ಆಕೆಯ ಮೇಲೆ. ಔಷಧಿ ಬೇಕಾದವರು ಫೋನಿನಿಂದ ಸಂದೇಶ ಕಳಿಸುತ್ತಾರೆ. ಮನೆಯಲ್ಲಿ ಯಾರಾದರೂ ಸತ್ತರೆ, ಉಳಿದ ಔಷಧಿಯನ್ನು ಕೊಡುತ್ತೇವೆಂದು ಆ ಮನೆಯವರೂ ಕಳಿಸುತ್ತಾರೆ. ಅದು ನಮ್ಮ ಊರಿನ ರೂಢಿ. ಬೇಡುವವರನ್ನೂ ಕೊಡುವವರನ್ನೂ ಜೋಡಿಸಬೇಕು. ಆದರೆ ನಮ್ಮ ಕೇಳುಗರು ಒಂದೇ ಗುಳಿಗೆಯನ್ನು ಇಪ್ಪತ್ತು ರೀತಿ ಬರೆಯುವ ಪ್ರತಿಭಾವಂತರು. ಅವೆಲ್ಲವನ್ನೂ ಒಂದೇ ಸಾಲಿನ ಬಲೆಯಲ್ಲಿ ಹಿಡಿಯುವ ವಿದ್ಯೆಗೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂದು ಹೆಸರು. ಆ ಬಲೆಗಳನ್ನು ಒನೆಲಿಯಾ ವರ್ಷಗಟ್ಟಲೆ ಹೆಣೆದಿದ್ದಳು.

ಮಾರ್ಚ್‌ನಲ್ಲಿ ಕರೆಂಟ್ ಹೋದದ್ದು ರಭಸದಿಂದ ವಾಪಸು ಬಂದು ಯಂತ್ರವನ್ನು ಸುಟ್ಟಿತು. ಮುಚ್ಚಿದ ಸಕ್ಕರೆ ಕಾರ್ಖಾನೆಯಿಂದ ಒಂದು ಮುದಿ ಯಂತ್ರ ಬಂತು. ಅದರಲ್ಲಿ ಬಲೆಗಳಿಗೆ ಬೇಕಾದ ಲೈಬ್ರರಿ, ಅಂದರೆ ಬಲೆ ಬೀಸಿಕೊಡುವ ಸಿದ್ಧ ಕೋಡ್, ಇರಲಿಲ್ಲ. ಸಿದ್ಧ ಲೈಬ್ರರಿ ಸಿಗುವ ಅಂತರ್ಜಾಲ ತಾಣ ದಿಗ್ಬಂಧನದ ಕಾರಣ ಹೇಳಿ ನಮ್ಮ ದೇಶದವರಿಗೆ ಬಾಗಿಲು ಹಾಕಿತ್ತು. ಕೊನೆಗೆ ಅದರ ಮೂಲ ಕೋಡ್ ಒಂದು ಪೆನ್‌ಡ್ರೈವ್‌ನಲ್ಲಿ, ಟರ್ಕಿಯ ಧಾರಾವಾಹಿಗಳ ನಡುವೆ ಅವಿತು ಬಂತು. ಅದರಿಂದ ಲೈಬ್ರರಿಯನ್ನು ನಾವೇ ಕಟ್ಟಿಕೊಳ್ಳಬೇಕಿತ್ತು.

ಅಷ್ಟರಲ್ಲಿ ಸಂದೇಶಗಳು ಬೆಟ್ಟದಷ್ಟಾಗಿದ್ದವು. ನಾನು ಕೈಯಾರೆ ಹುಡುಕಲು ಕುಳಿತೆ. ಪ್ರೇಮಗೀತೆಯ ಕೋರಿಕೆ, ಕಳೆದುಹೋದ ಹಂದಿ, ಅತ್ತಿಗೆಯ ಮೇಲಿನ ದೂರು ಓದಿ ಓದಿ ಸೋತು ಎದ್ದೆ. ಅವಸರವಿದ್ದದ್ದು ನಮ್ಮ ಧ್ವನಿ ತಂತ್ರಜ್ಞ ರಿಗೋಬೆರ್ತೋಗೆ. ಅವನ ಎಡಗಣ್ಣನ್ನು ಗ್ಲಾಕೋಮಾ ಆಗಲೇ ನುಂಗಿತ್ತು. ಬಲಗಣ್ಣು ನಿಂತಿದ್ದದ್ದು ತಿಮೋಲೋಲ್ ಎಂಬ ಹನಿಯ ಮೇಲೆ, ಆ ಹನಿ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ದಿನಾ ಅದನ್ನೇ ಗೊಣಗುತ್ತಿದ್ದ. ಒನೆಲಿಯಾ ಗೋಡೆಯಂತೆ ಕೇಳಿಸಿಕೊಳ್ಳುತ್ತಿದ್ದಳು.

ನಮ್ಮ ಬಡಾವಣೆಗೆ ಕರೆಂಟ್ ಸರದಿ ಬಂದ ಒಂದು ಬೆಳಿಗ್ಗೆ ಮಹಾಯುದ್ಧ ಶುರುವಾಯಿತು. ಮೊದಲ ಹೆಜ್ಜೆ ಕಾನ್ಫಿಗರ್. ಸುಂಕದ ಅಧಿಕಾರಿಯಂತೆ ಅದು ಯಂತ್ರವನ್ನು ಜಾಲಾಡುತ್ತದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಸಾಲುಗಳು ಪರದೆಯ ಮೇಲೆ ಸೇನೆಯಂತೆ ಸಾಗಿದವು.

"ನೋಡ್ರೋ, ಹೆಂಗೆ ಓಡ್ತಿದೆ!" ರಿಗೋ ಒಂದೇ ಕಣ್ಣಲ್ಲಿ ಮೂಗು ತಾಗುವಷ್ಟು ಹತ್ತಿರ ನಿಂತು ಕುಣಿದ. "ನಮ್ಮೂರ ಬಸ್ಸಿಗೂ ಹಿಂಗೆ ಓಡೋದು ಕಲಿಸಮ್ಮ ಒನೆಲಿಯಾ!"

"ಪಕ್ಕಕ್ಕೆ ಸರಿ. ಬೆಳಕಿಗೆ ಅಡ್ಡ ನಿಂತಿದೀಯ," ಎಂದಳು ಆಕೆ.

ಕಾಫಿ ಬಂತು, ಮುಗಿಯಿತು. ಸಾಲುಗಳು ಓಡುತ್ತಲೇ ಇದ್ದವು. ನಾವು ಕಟ್ಟಡ ಅರ್ಧ ಎದ್ದಿತೆಂದು ಬೆನ್ನು ತಟ್ಟಿಕೊಳ್ಳುತ್ತಿದ್ದೆವು. ಒನೆಲಿಯಾ ಮಾತ್ರ ಪರದೆಯನ್ನು ದಿಟ್ಟಿಸಿ, "ಕಂಪೈಲರ್ ಇದೆಯಾ ಅಂತ ಇದು ಆಗಲೇ ಕೇಳಿತ್ತು," ಎಂದಳು.

"ಪಾಪ, ವಯಸ್ಸಾಗಿದೆ. ನಮ್ಮತ್ತೇನೂ ಹಂಗೇ," ಎಂದೆ.

ಆಕೆ ತಾರೀಖು ನೋಡಿದಳು. ಯಂತ್ರದೊಳಗಿನ ಗುಂಡಿಯಷ್ಟು ಬ್ಯಾಟರಿ ಸತ್ತಿತ್ತು. ಕರೆಂಟ್ ಹೋದಾಗಲೆಲ್ಲ ಯಂತ್ರ ತನ್ನ ಬಾಲ್ಯದ ತಾರೀಖಿಗೆ ಮರಳುತ್ತಿತ್ತು. ಕಾನ್ಫಿಗರ್ ಆದಮೇಲೆ ಕಟ್ಟುವ ಮೇಸ್ತ್ರಿಯ ಹೆಸರು ಮೇಕ್. ಅದು ನಂಬುವುದು ತಾರೀಖನ್ನು ಮಾತ್ರ. ಮೂಲ ಕೋಡ್ ಹೋದ ವರ್ಷದ್ದು, ಅದರಿಂದ ಈಗ ತಯಾರಾದ ಕಡತ ಇಪ್ಪತ್ತು ವರ್ಷ ಹಳೆಯದು! ಅಪ್ಪನಿಗಿಂತ ಮೊದಲು ಮಗ ಹುಟ್ಟಿದ್ದನ್ನು ಕಂಡ ಮೇಸ್ತ್ರಿ, ಎಲ್ಲೋ ತಪ್ಪಾಗಿದೆಯೆಂದು ಕಾನ್ಫಿಗರನ್ನು ಮತ್ತೆ ಮೊದಲಿನಿಂದ ಓಡಿಸುತ್ತಿತ್ತು. ನಾವು ಚಪ್ಪಾಳೆ ಹೊಡೆದದ್ದು ಗಾಣದ ಎತ್ತಿಗೆ.

"ಇವತ್ತು ಎಷ್ಟನೇ ತಾರೀಖು?" ಒನೆಲಿಯಾ ಕೇಳಿದಳು.

"ಒಂಬತ್ತು."

"ಮಾರ್ಚಾ?"

ರಿಗೋ ನನ್ನ ಮುಖ ನೋಡಿದ. "ಮೇ ಕಣೇ, ಒನೆಲಿಯಾ."

"ಮೇ," ಎಂದಳು. ಅಷ್ಟೇ. ಬೆರಳುಗಳು ತಾರೀಖನ್ನು ಒತ್ತಿದವು. ಹಳೆಯದನ್ನೆಲ್ಲ ಅಳಿಸಿ, ಮೂಲ ಕೋಡಿನ ಗಂಟನ್ನು ಹೊಸದಾಗಿ ಬಿಚ್ಚಿ, ಮತ್ತೆ ಕಾನ್ಫಿಗರ್ ಓಡಿಸಿದಳು. ಅದು ಒಮ್ಮೆ ಕೇಳಿ ಸುಮ್ಮನಾಯಿತು. ಮೇಸ್ತ್ರಿ ಕೆಲಸಕ್ಕಿಳಿದು ಲೈಬ್ರರಿಯನ್ನು ಕಟ್ಟಿ ಮುಗಿಸಿತು, ಅದನ್ನು ಪರೀಕ್ಷಿಸುವುದೊಂದೇ ಬಾಕಿ.

"ಪರೀಕ್ಷೆ ಗಿರೀಕ್ಷೆ ಬಿಟ್ಬಿಡು ತಾಯಿ, ಕರೆಂಟ್ ಹೋಗತ್ತೆ," ರಿಗೋ ಅಂಗಲಾಚಿದ.

"ಪರೀಕ್ಷೆ ಮಾಡದೆ ನಿನ್ನ ಕಣ್ಣಿಗೆ ಏನು ಬೇಕಾದ್ರೂ ಹಾಕ್ಕೋತೀಯಾ?"

ಪರೀಕ್ಷೆಗಳೂ ನಡೆದವು, ಎಲ್ಲವೂ ಪಾಸಾದವು. ನಮ್ಮ ಕೇಂದ್ರದಲ್ಲಿ ಅಂಥದ್ದು ಹಿಂದೆಂದೂ ನಡೆದ ನೆನಪಿಲ್ಲ. ಒನೆಲಿಯಾ ಬಲೆಯನ್ನು ಸಂದೇಶಗಳ ಬೆಟ್ಟದ ಮೇಲೆ ಬೀಸಿದಳು. ಒಂದೊಂದಾಗಿ ಜೋಡಿಗಳು ಮೇಲೆ ಬಂದವು. ರಿಗೋಬೆರ್ತೋನ ಬೇಡಿಕೆಯ ಎದುರಿಗೆ ಮಾರ್ಚ್ ತಿಂಗಳ ಒಂದು ಸಂದೇಶ ನಿಂತಿತು. ಆಕೆ ಅದನ್ನು ಸಮಾಚಾರ ಓದುವವಳಂತೆ ಓದಿದಳು: "ಸಾವಿನ ಮನೆ. ತಿಮೊಲಲ್ ಕಣ್ಣಿನ ಹನಿ ಇದೆ, ಬಿಚ್ಚಿಲ್ಲ. ಬಂದು ಒಯ್ಯಿರಿ. ಪೊಪುಲಾರ್ ಬೀದಿ, ಹಸಿರು ಬಾಗಿಲು."

ಪರದೆಗೆ ಬೆರಳಿಟ್ಟು ವಿಳಾಸವನ್ನು ಮತ್ತೊಮ್ಮೆ ಓದಿದಳು.

"ಯಾರಿವಳು?" ಎಂದಳು. "ನಮ್ಮನೆ ವಿಳಾಸ ಕೊಟ್ಟಿದಾಳಲ್ಲ."

ಸಂದೇಶದ ಕೆಳಗಿದ್ದ ಫೋನ್ ನಂಬರು ಅವಳದೇ. ಎವೇಲಿಯೋನ ಕಪ್ಪು ಕನ್ನಡಕ ಶೋಕಿಗಲ್ಲ, ಕಣ್ಣಿನ ಕಾಯಿಲೆಗೆ ಎಂಬುದು ನನಗೆ ಹೊಳೆದದ್ದು ಆಗ.

ಒನೆಲಿಯಾ ಸೈಕಲ್ ಹತ್ತಿ ಹೋಗಿ ಎರಡು ಪುಟ್ಟ ಬಾಟಲಿ ಹಿಡಿದು ಬಂದಳು. ಅವಧಿ ಇನ್ನೂ ಮುಗಿದಿರಲಿಲ್ಲ. ರಿಗೋನನ್ನು ಕಿಟಕಿಯ ಹತ್ತಿರ ಕೂರಿಸಿ, ಹಣೆಯ ಮೇಲೆ ಅಂಗೈ ಇಟ್ಟು ತಲೆಯನ್ನು ಹಿಂದಕ್ಕೆ ಬಾಗಿಸಿದಳು. ಆ ಕೈಗೆ ಅಭ್ಯಾಸವಿತ್ತು.

"ಮೇಲೆ ನೋಡು," ಎಂದಳು. "ಮಿಟುಕಿಸಬೇಡ, ಎವೇಲಿಯೋ."

ಊರಿನ ಅತಿ ದೊಡ್ಡ ವಾಚಾಳಿ ರಿಗೋಬೆರ್ತೋ ಅವಳನ್ನು ತಿದ್ದಲಿಲ್ಲ. ಮಿಟುಕಿಸಲೂ ಇಲ್ಲ.