ಪ್ರಾರ್ಥನೆಗೆ ಕೊಟ್ಟ ಹೆಸರು

ಹಲಸೂರು ಕೆರೆಯ ಹಿಂದಿನ ಒಂಟಿ ಕೋಣೆಯಲ್ಲಿ ಜ್ಞಾನಮ್ಮ ಒಬ್ಬಳೇ ಇದ್ದಳು. ಮದುವೆಯಾಗಲಿಲ್ಲ, ಆಸ್ಪತ್ರೆಯಲ್ಲಿ ಆಯಾ ಆಗಿ ಊರವರ ಮೈ ತೊಳೆಯುತ್ತಲೇ ವಯಸ್ಸು ಕಳೆಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ನರ್ಸ್ ಒಬ್ಬರು, "ಪ್ರತಿ ಮುಖದಲ್ಲೂ ದೇವರ ಹೋಲಿಕೆ ಇದೆ, ಒರಟಾಗಿ ಒರೆಸಬೇಡ" ಎಂದಿದ್ದರು. ಆ ಪಾಠವನ್ನು ಅವಳ ಕೈ ಚೆನ್ನಾಗಿ ಕಲಿತಿತ್ತು. ನಾಲಗೆಗೆ ಕಲಿಸುವುದನ್ನು ಮರೆತಿದ್ದಳು.

ತೊಂಬತ್ತೇಳನೇ ಇಸವಿಯಲ್ಲಿ ನಿವೃತ್ತಳಾದ ಮೇಲೆ, ಪ್ರತಿ ಗುರುವಾರ ಸುವಾರ್ತೆಯ ಕರಪತ್ರ ಹಂಚಲು ಚರ್ಚಿನ ಸಭೆಯವರು ಅವಳಿಗೆ ರಾಮಮೂರ್ತಿ ನಗರದ ಒಂದು ಬೀದಿ ಕೊಟ್ಟರು. ಅಲ್ಲಿ ತೆರೆದ ಬಾಗಿಲಿಗಿಂತ ಮುಚ್ಚಿದ್ದೇ ಹೆಚ್ಚು. ಬಾಡಿಗೆ ಮನೆಯ ಹಂಸ ಒಬ್ಬಳೇ, "ಬಿಸಿಲಲ್ಲಿ ಯಾಕೆ ನಿಂತಿದೀರಾ ಆಂಟಿ, ಒಳಗ್ ಬಂದು ಕೂತ್ಕೊಳ್ಳಿ" ಎಂದವಳು. ಕರಪತ್ರವನ್ನು ಟಿವಿ ಮೇಲಿಟ್ಟು ಕಾಫಿ ಕೊಟ್ಟಳು. ಅಂದಿನಿಂದ ಜ್ಞಾನಮ್ಮನಿಗೆ ವಾರವೆಂದರೆ ಗುರುವಾರ. ಸೀರೆಗೆ ಹಿಂದಿನ ದಿನವೇ ಇಸ್ತ್ರಿ.

ಒಂದು ಗುರುವಾರ ಹಂಸ ಅತ್ತಳು. ಗಂಡ ವಸಂತ್ ಕೆ.ಆರ್. ಪುರದಲ್ಲಿ ಇನ್ನೊಂದು ಸಂಸಾರ ಹೂಡಿದ್ದ. "ತವರಿಗೂ ಹೇಳಿಲ್ಲ ಆಂಟಿ. ನಿಮ್ ಹತ್ರ ಮಾತ್ರ ಹೇಳ್ತಿದೀನಿ."

ಭಾನುವಾರ ಪಾಸ್ಟರ್ ವಾಡಿಕೆಯಂತೆ, "ಯಾರಿಗಾದರೂ ಪ್ರಾರ್ಥನಾ ವಿಷಯ ಇದೆಯೇ?" ಎಂದಾಗ ಜ್ಞಾನಮ್ಮ ಎದ್ದಳು. ವರ್ಷಗಟ್ಟಲೆ ಕೊನೆಯ ಬೆಂಚಿನಲ್ಲಿ ಕೂತವಳತ್ತ ಒಮ್ಮೆ ನಾಲ್ಕು ಜನ ತಿರುಗಿ ನೋಡಿದರೆ ಕೇಳಬೇಕೆ? ಹೆಸರು, ಬೀದಿ, ಗಂಡನ ಸಂಗತಿ, ಎಲ್ಲ ಹೇಳಿಬಿಟ್ಟಳು. ಸಭೆ ಆಮೆನ್ ಎಂದಿತು. ಪಾಪ, ಮನಸ್ಸಿನಲ್ಲಿ ಕೇಡಿರಲಿಲ್ಲ. ಆದರೆ ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮುಂದಿನ ಗುರುವಾರ ಹಂಸ ಬಾಗಿಲು ತೆರೆಯಲಿಲ್ಲ, ಕಿಟಕಿಗೆ ಬಂದಳು.

"ಹಾಲಿನ ಬೂತಲ್ಲಿ ನಿಮ್ ಸಭೆಯೋರೊಬ್ರು, 'ಯಜಮಾನ್ರು ವಾಪಸ್ ಬಂದ್ರಾ? ನಾವೆಲ್ಲ ಪ್ರಾರ್ಥನೆ ಮಾಡ್ತಿದೀವಿ' ಅಂದ್ರು. ಅಲ್ಲಿದ್ದೋರೆಲ್ಲ ಕೇಳಿಸ್ಕೊಂಡ್ರು. ನಾನು ನಿಮ್ಗೆ ಮನುಷ್ಯಳಾ ಆಂಟಿ, ಇಲ್ಲ ಸಭೆಗೆ ತಗೊಂಡ್ ಹೋಗೋ ಸುದ್ದೀನಾ?"

ಗುರುತಿಲ್ಲದವರ ಗಾಯವನ್ನೂ ಪರದೆ ಎಳೆದೇ ತೊಳೆದ ಜ್ಞಾನಮ್ಮ, ತನ್ನನ್ನು ಕೂರಿಸಿ ಮಾತಾಡಿಸಿದ ಒಬ್ಬಳೇ ಒಬ್ಬಳ ಗಾಯವನ್ನು ಬೀದಿಗೆ ಎಳೆದಿದ್ದಳು. "ತಪ್ಪಾಯ್ತು ಹಂಸಾ" ಎನ್ನುವಷ್ಟರಲ್ಲಿ ಕಿಟಕಿ ಮುಚ್ಚಿತು.

ಆ ಭಾನುವಾರ ಪಾಸ್ಟರೇ ಕೇಳಿದರು: "ಹಂಸ ಅವರ ಸಮಾಚಾರ ಏನಮ್ಮ?"

"ಅದು ಅವಳ ವಿಷ್ಯ ಪಾಸ್ಟರಯ್ಯಾ. ನಾನು ಹೇಳಬಾರ್ದಿತ್ತು. ಇನ್ಮೇಲೆ ಯಾರೂ ಅವಳನ್ನ ಕೇಳ್ಬೇಡಿ."

ಈ ಸಲ ಯಾರೂ ಆಮೆನ್ ಎನ್ನಲಿಲ್ಲ. ಪಕ್ಕದಲ್ಲಿದ್ದವರು ತುಸು ಸರಿದು ಕೂತರು.

ಗುರುವಾರ ಕರಪತ್ರದ ಚೀಲವಿಲ್ಲದೆ ಹೋದಳು. ಮುಚ್ಚಿದ ಬಾಗಿಲಿನ ಮುಂದೆ ನಿಂತು ಮೆಲ್ಲಗೆ ಹೇಳಿದಳು:

"ನಿನ್ನ ಗುಟ್ಟು ರಟ್ಟು ಮಾಡ್ದೆ ಹಂಸಾ. ನಂದೂ ಒಂದು ಇದೆ, ಕೇಳ್ಸ್ಕೋ. ನನ್ನ ಕೋಣೇಲಿ ಊಟ ಆಯ್ತಾ ಅನ್ನೋರು ಒಬ್ರೂ ಇಲ್ಲ. ದೇವರ ಕೆಲ್ಸಕ್ಕೆ ಬರ್ತಿದೀನಿ ಅಂದ್ಕೊಂಡಿದ್ದೆ. ನಿಜವಾಗ್ಲೂ, ನೀನು ಕೂತ್ಕೊಳ್ಳಿ ಅಂತಿದ್ಯಲ್ಲ, ಅದಕ್ಕೇ ಬರ್ತಿದ್ದೆ."

ಹೇಳಿ ತಿರುಗಿ ಹೊರಟಳು. ಗೇಟಿನವರೆಗೆ ಬಂದಾಗ ಬಾಗಿಲ ಹಿಂದಿನಿಂದ ಹಂಸಳ ದನಿ ಕೇಳಿಸಿತು.

"ಇದನ್ನ ಸಭೇಲಿ ಹೇಳಿದೀರಾ?"

"ಇಲ್ಲಮ್ಮ. ಯಾರಿಗೂ ಹೇಳಿಲ್ಲ."

"ನಾನೂ ಯಾರಿಗೂ ಹೇಳಲ್ಲ ಬಿಡಿ."

ಬಾಗಿಲು ಮಾತ್ರ ತೆರೆಯಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಜ್ಞಾನಮ್ಮನಿಗೆ ಅಳು ಬಂತು.