ಅತ್ತೆ ಹಿಡಿದ ಹಗ್ಗ

ಮೊದಲೇ ಹೇಳಿಬಿಡುತ್ತೇನೆ, ಇಂಥ ಸಂಗತಿಗಳನ್ನು ನಾನು ನಂಬುವವಳಲ್ಲ. ರಾಯಚೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅಜ್ಜಿ ತೀರಿಕೊಂಡ ಗಳಿಗೆಯಲ್ಲೇ ದೂರದೂರಿನ ಮೊಮ್ಮಗನ ಕಣ್ಣಿಗೆ ಕಾಣಿಸಿಕೊಂಡಳು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಶುರು ಮಾಡಿದರೆ, "ಆ ಹುಡುಗ ಅವತ್ತು ಏನು ಉಂಡಿದ್ದ ಕೇಳ್ರಿ" ಎಂದು ನಡುವೆ ಬಾಯಿ ಹಾಕಿ ಕಥೆ ಕೆಡಿಸುತ್ತಿದ್ದವಳು ನಾನೇ. ಈಗ ನನ್ನದೇ ಒಂದು ಕಥೆ ಇದೆ. ಸ್ಟಾಫ್ ರೂಮಿನಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ನನ್ನ ಗತಿ ಏನಾದೀತೆಂದು ಗೊತ್ತು.

ನಲವತ್ತು ದಾಟಿದ ಮೇಲೆ ನನಗೆ ಟ್ರಯಥ್ಲಾನ್ ಹುಚ್ಚು ಹಿಡಿಯಿತು. ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು, ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕು. ಶುಗರ್ ಬಂದೀತೆಂಬ ಹೆದರಿಕೆಗೆ ಸೈಕಲ್ ಹತ್ತಿದವಳು ಊರಿನ ಸೈಕಲ್ ಗೆಳೆಯರ ಬಳಗ ಸೇರಿಕೊಂಡೆ. ಅವರೇ ಸೇರಿ ವರ್ಷಕ್ಕೊಮ್ಮೆ ಸ್ಪರ್ಧೆ ನಡೆಸುತ್ತಾರೆ. ಮಾನ್ವಿ ಕಡೆಯ ಒಂದು ದೊಡ್ಡ ಕೆರೆಯಲ್ಲಿ ಈಜು, ಅಲ್ಲಿಂದ ಕಲ್ಮಲ, ಗಬ್ಬೂರು ಹಾದು ದೇವದುರ್ಗ ಮುಟ್ಟಿ ರಾಯಚೂರಿಗೆ ಮರಳುವವರೆಗೆ ಸೈಕಲ್, ಕೊನೆಗೆ ರಾಯಚೂರಿನ ಬೀದಿಗಳಲ್ಲಿ ಓಟ. ಸೈಕಲ್ಲು, ಓಟ ಹೇಗೋ ಒಲಿದವು. ನೀರು ಮಾತ್ರ ಒಲಿಯಲಿಲ್ಲ. ಈಜುಕೊಳದಲ್ಲಾದರೆ ಅತ್ತಿಂದಿತ್ತ ಚೆನ್ನಾಗಿಯೇ ಈಜುತ್ತಿದ್ದೆ. ಆದರೆ ನನಗೆ ಕೆಳಗೆ ನೆಲ ಕಾಣಬೇಕು, ಪಕ್ಕದಲ್ಲಿ ಗೋಡೆ ಇರಬೇಕು. ಮೊದಲ ಸಲದ ಸ್ಪರ್ಧೆಯಲ್ಲಿ ಕೆರೆಯ ನಡುವೆ ಉಸಿರು ಕಟ್ಟಿ ಕೈ ಎತ್ತಿಬಿಟ್ಟೆ. ಕೈ ಎತ್ತಿದರೆ ಅಲ್ಲಿಗೆ ಸ್ಪರ್ಧೆ ಮುಗಿಯಿತು. ದೋಣಿಯವರು ಬಂದು ಹಿಟ್ಟಿನ ಚೀಲದ ಹಾಗೆ ಎತ್ತಿ ಹಾಕಿಕೊಂಡು ಹೋದರು.

ನನ್ನ ಗಂಡನ ತಾಯಿ, ಅಂದರೆ ನಮ್ಮ ಅತ್ತೆ, ಗಬ್ಬೂರಿನಲ್ಲಿದ್ದಾರೆ. ಕುರಿ ಕಾಯುವ ಮನೆತನದವರು, ಕುರಿ ತೊಳೆಯಲು ಹಳ್ಳಕ್ಕೂ ಬಾವಿಗೂ ಇಳಿಯುತ್ತಲೇ ಬೆಳೆದವರು. ದೋಣಿಯ ಸುದ್ದಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈ ಉರಿದುಹೋಯಿತು. ನಕ್ಕು ಮುಗಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಐತಾರ ಬಾ ಬೇ, ನಾ ಕಲಿಸ್ತೀನಿ" ಅಂದರು.

ಅವರ ಹೊಲದ ಬಾವಿಯ ನೀರು ಎಷ್ಟು ಕಪ್ಪೆಂದರೆ ಮುಳುಗಿಸಿದ ಕೈ ಕಾಣುತ್ತಿರಲಿಲ್ಲ. ಅತ್ತೆ ನನ್ನ ನಡುವಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಅಂಗೈಗೆ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು. ಈಜುಕೊಳದ ಕೋಚಿನ ಹಾಗೆ ಕೂಗಾಡುವುದಿಲ್ಲ. ನಾನು ಗಾಬರಿಯಾದರೆ ಹಗ್ಗ ಒಮ್ಮೆ ಬಿಗಿಯಾಗುತ್ತಿತ್ತು. ಗಾಬರಿ ಇಳಿದರೆ ಸಡಿಲವಾಗುತ್ತಿತ್ತು. ಎಡಕ್ಕೆ ವಾಲುವುದು ನನ್ನ ಚಾಳಿ. ಆಗ ಬಲಕ್ಕೆ ಒಂದು ಜಗ್ಗು. ಆ ಬೇಸಿಗೆಯ ಭಾನುವಾರಗಳಲ್ಲಿ ನಾವಿಬ್ಬರೂ ಆಡಿದಷ್ಟು ಜಗಳ, ನಕ್ಕಷ್ಟು ನಗು ನಾನು ಆ ಮನೆ ಸೇರಿದಾಗಿನಿಂದ ಆಗಿರಲಿಲ್ಲ. ಮೇಲೆ ಬಂದು ಕಟ್ಟೆಯ ಮೇಲೆ ಕೂತು ರೊಟ್ಟಿ, ಪುಂಡಿಪಲ್ಯ ತಿನ್ನುವಾಗ, "ನಮ್ಮ ಕುರಿನೂ ನಿನಗಿಂತ ನೆಟ್ಟಗ ಈಜ್ತಿದ್ವು" ಎನ್ನುವರು. ಸೊಸೆಯಾಗಿ ಬಂದ ನಾನು ಅವರ ಮಗಳಾದದ್ದು ಆ ಬಾವಿಯಲ್ಲೇ.

ಎರಡನೆಯ ಸಲದ ಸ್ಪರ್ಧೆ ಬರುವ ಹೊತ್ತಿಗೆ ಅತ್ತೆಗೆ ಎದೆನೋವು ಕಾಣಿಸಿಕೊಂಡು, ದಣಿಯಬಾರದೆಂದು ಡಾಕ್ಟರು ಹೇಳಿದ್ದರು. ಕೆರೆಯ ಹತ್ತಿರ ಬರುವುದು ಬೇಡವೆಂದೆವು. "ನೀ ನಮ್ಮೂರ ಮ್ಯಾಲೆ ಹಾಯ್ದು ಹೋಗಾಕಿ ಅಲ್ಲೇನು, ಬಸ್‌ಸ್ಟ್ಯಾಂಡಿನಾಗ ಕುಂತು ನೋಡ್ತೀನಿ" ಅಂದರು. ನನ್ನ ಗಂಡ ಬಸ್ಸಿನ ಕಂಡಕ್ಟರ್, ಅವರಿಗೆ ಆ ದಿನ ರಜೆ ಸಿಗಲಿಲ್ಲ. ನನ್ನ ಫೋನು ಬಟ್ಟೆಬರೆಯ ಚೀಲದ ಜೊತೆ ರಾಯಚೂರಿಗೆ ಹೋಗಿತ್ತು. ಅತ್ತೆ ಫೋನು ಇಟ್ಟುಕೊಂಡವರೇ ಅಲ್ಲ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಕೆರೆಯ ಸುದ್ದಿಯನ್ನು ಅತ್ತೆಗೆ ಯಾರಾದರೂ ಮುಟ್ಟಿಸಿರಬಹುದೇ ಎಂದು ಆಮೇಲೆ ನಾನೂ ನೂರು ಸಲ ಕೇಳಿಕೊಂಡಿದ್ದೇನೆ.

ಈ ಸಲವೂ ದೋಣಿ ಹತ್ತಿದರೆ ಈ ಹುಚ್ಚನ್ನು ಬಿಟ್ಟುಬಿಡುವುದೆಂದು ನಿರ್ಧರಿಸಿಯೇ ಬೆಳಿಗ್ಗೆ ನೀರಿಗಿಳಿದೆ. ಅರ್ಧದವರೆಗೆ ಚೆನ್ನಾಗಿಯೇ ಹೋದೆ. ಆಮೇಲೆ ಸೂರ್ಯ ನೇರ ಕಣ್ಣಿಗೆ ಬಿದ್ದ, ಗಾಳಿ ಎದ್ದಿತು, ಮುಂದಿದ್ದವರ ಕಾಲು ಮುಖಕ್ಕೆ ತಾಗಿ ಈಜುವ ಕನ್ನಡಕದೊಳಗೆ ನೀರು ನುಗ್ಗಿತು. ದಾರಿ ತೋರಿಸಲು ತೇಲಿಬಿಟ್ಟಿದ್ದ ಕೆಂಪು ಬಲೂನು ಕಾಣಲಿಲ್ಲ. ತಲೆ ಎತ್ತಿ ನೋಡಿದರೆ ಎಲ್ಲ ಕಡೆಯೂ ಬರೀ ಬಿಸಿಲು ಹೊಳೆಯುವ ನೀರು. ಉಸಿರು ಕಟ್ಟಿತು. ಅದೇ ಹಳೆಯ ಗಾಬರಿ. ಸಾಕು, ಕೈ ಎತ್ತುತ್ತೇನೆ ಅಂದುಕೊಂಡೆ.

ಆಗ ನನ್ನ ನಡು ಬಿಗಿಯಾಯಿತು.

ಅಂದಾಜಿನ ಮಾತಲ್ಲ ಇದು. ಬೆನ್ನಿನಿಂದ ಹೊಟ್ಟೆಯವರೆಗೆ ಸುತ್ತಲೂ ಹಗ್ಗ ಬಿಗಿದ ಹಾಗೆ. ಬಲಕ್ಕೆ ಒಂದು ಜಗ್ಗು. ಕೈಯಿಂದ ತಡಕಾಡಿದೆ, ನೀರು ಬಿಟ್ಟರೆ ಏನೂ ಸಿಗಲಿಲ್ಲ. ಬೇಕೆಂತಲೇ ಎಡಕ್ಕೆ ಹೊರಳಿ ನೋಡಿದೆ. ಅಂಥ ಹೊತ್ತಿನಲ್ಲೂ ಪರೀಕ್ಷೆ ಮಾಡುವ ಬುದ್ಧಿ ನೋಡಿ. ಮತ್ತೆ ಬಲಕ್ಕೆ ಜಗ್ಗಿತು, ಈ ಸಲ ಸ್ವಲ್ಪ ಸಿಟ್ಟಿನಿಂದ. ನಾನು ವಾದ ಬಿಟ್ಟು ಅದು ಎಳೆದ ಕಡೆಗೆ ಈಜಿದೆ. ಕೆಂಪು ಬಲೂನು ಬಂತು, ಅದರಾಚೆ ದಂಡೆ ಬಂತು. ದಂಡೆ ಇನ್ನೇನು ಕೈಗೆ ಸಿಗುತ್ತದೆ ಅನ್ನುವಾಗ ನಡುವಿನ ಬಿಗಿ ತಟ್ಟನೆ ಸಡಿಲವಾಯಿತು.

ಮೇಲೆ ಬಂದು ನೋಡಿಕೊಂಡೆ. ಹಗ್ಗದ ಗುರುತಿರಲಿಲ್ಲ, ಏನೂ ಇರಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು. ಸ್ಟಾಫ್ ರೂಮಿನಲ್ಲಿ ನಾನು ಕೆಡಿಸಿದ ಕಥೆಗಳೆಲ್ಲ ಒಟ್ಟಿಗೇ ನೆನಪಾದವು. ಆ ಎಲ್ಲ ಕಥೆಗಳಲ್ಲಿ ಹೀಗೆ ಬಂದು ಕೈ ಹಿಡಿದವರು ಅದೇ ಗಳಿಗೆಯಲ್ಲಿ ಸತ್ತಿರುತ್ತಾರೆ. ಆ ಸಡಿಲವಾದದ್ದು ಏನು ಹಾಗಾದರೆ?

ಸೈಕಲ್ ಹೇಗೆ ತುಳಿದೆನೋ ನನಗೇ ತಿಳಿಯದು. ಕಲ್ಮಲದಲ್ಲಿ ಯಾರೋ ನೀರು ಕೊಡಲು ಬಂದರು, ನಿಲ್ಲಲಿಲ್ಲ. ಹತ್ತಿಯ ಹೊಲಗಳು ಎರಡೂ ಕಡೆ ಸರಿದುಹೋಗುತ್ತಿದ್ದವು. ಅಳುತ್ತಲೇ ತುಳಿದೆ. ಸ್ಪರ್ಧೆ ಮರೆತೇಹೋಗಿತ್ತು. ನನಗೆ ಬೇಕಿದ್ದದ್ದು ಒಂದೇ, ಗಬ್ಬೂರಿನ ಬಸ್‌ಸ್ಟ್ಯಾಂಡಿನಲ್ಲಿ ಆ ಮುದುಕಿ ಕೂತಿರಬೇಕು. ದೇವರನ್ನು ಬೇಡಿಕೊಂಡೆನೇ ಎಂದು ಕೇಳಿದರೆ, ಹೌದು, ಬೇಡಿಕೊಂಡೆ.

ಕೂತಿದ್ದರು. ಚಹಾ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ, ಮಜ್ಜಿಗೆಯ ತಂಬಿಗೆ ಕಾಲ ಹತ್ತಿರ ಇಟ್ಟುಕೊಂಡು. ನಾನು ಸೈಕಲ್ ನೂಕಿ ಓಡಿಹೋಗಿ ಅಪ್ಪಿಕೊಂಡೆ.

"ಅಳಾಕತ್ತೀಯೇನು ಬೇ? ದೋಣಿ ಹತ್ತಿದೇನು?"

"ಇಲ್ಲ ಅತ್ತಿ. ಈಜಿ ಬಂದೆ."

"ಅದು ನನಗ ಗೊತ್ತದ" ಎಂದು ಮಜ್ಜಿಗೆ ಕೊಟ್ಟರು. ನಾನು ಕುಡಿಯುವಾಗ ತಮ್ಮ ಬಲದೋಳನ್ನು ತಿಕ್ಕಿಕೊಳ್ಳುತ್ತ, "ಮತ್ತ ಎಡಕ್ಕ್ಯಾಕ ಹೊಂಟಿದ್ದಿ? ಜಗ್ಗಿ ಜಗ್ಗಿ ನನ್ನ ರಟ್ಟಿ ಹೋದ್ವು" ಅಂದರು. ಮಜ್ಜಿಗೆ ನೆತ್ತಿಗೇರಿತು. ಏನಾದರೂ ಕೇಳುವ ಮೊದಲೇ ಬೆನ್ನ ಮೇಲೊಂದು ಏಟು ಹಾಕಿ, "ಹೋಗು, ಹಿಂದಿನವರು ಬರಾಕತ್ತಾರ" ಎಂದು ಅಟ್ಟಿಬಿಟ್ಟರು.

ದೇವದುರ್ಗ ಮುಟ್ಟಿ ಬಂದೆ, ರಾಯಚೂರಿನಲ್ಲಿ ಓಡಿದೆ, ಕೊನೆಯವರಲ್ಲಿ ಒಬ್ಬಳಾಗಿ ಸಮಯದೊಳಗೇ ಮುಗಿಸಿದೆ. ಮುಂದಿನ ಭಾನುವಾರ ಗಬ್ಬೂರಿಗೆ ಹೋಗಿ ಕೇಳಿದರೆ, "ನಾ ಯಾವಾಗ ಹಂಗ ಅಂದೆ? ಬಿಸಲಾಗ ತಲಿ ತಿರುಗಿತ್ತೇನು ನಿನಗ" ಎಂದು ಜಾರಿಕೊಂಡರು. ಚಹಾ ಅಂಗಡಿಯವನು ಮಾತ್ರ ಕೇಳದೆಯೇ ಹೇಳಿದ. "ಅವತ್ತ ಮುಂಜಾನಿ ಚಾ ಒಯ್ದು ಕೊಟ್ಟೆ ರೀ ಮೇಡಂ. 'ಅಲ್ಲೇ ಇಡಪಾ, ಕೈ ಖಾಲಿ ಇಲ್ಲ' ಅಂದ್ಳು ಯವ್ವ. ಕೈಯಾಗ ಏನೂ ಇದ್ದಿಲ್ಲರೀ. ಎರಡೂ ಮುಷ್ಟಿ ಗಟ್ಟಿ ಹಿಡಕೊಂಡು ಕುಂತಿದ್ಳು. ಚಾ ಆರಿ ತಣ್ಣಗಾತು."

ನನ್ನ ಬಳಿ ಉತ್ತರಗಳಿಲ್ಲವೆಂದಲ್ಲ. ಬೇಸಿಗೆಯಿಡೀ ಹಗ್ಗ ಕಟ್ಟಿಸಿಕೊಂಡ ಮೈಗೆ ಅದರ ನೆನಪು ಉಳಿದಿರಬಹುದು. ನಾನು ಎಡಕ್ಕೆ ವಾಲುವುದು ಅತ್ತೆಗೆ ಮೊದಲಿನಿಂದಲೂ ಗೊತ್ತು, ಸುಮ್ಮನೆ ಛೇಡಿಸಿರಬಹುದು. ಚಹಾದವನು ಮಾತಿನ ಮಲ್ಲ. ಒಂದೊಂದೇ ತೆಗೆದುಕೊಂಡರೆ ಎಲ್ಲವೂ ಸರಿಯೇ. ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ನನಗೆ ನಿದ್ದೆ ಹತ್ತುವುದಿಲ್ಲ.

ಕಳೆದ ತಿಂಗಳು ಸೈಕಲ್ ಬಳಗದವರು ಸಮುದ್ರದಲ್ಲಿ ಈಜುವ ದೊಡ್ಡ ಸ್ಪರ್ಧೆಗೆ ಹೋಗೋಣವೆಂದು ಹಿಡಿದುಕೊಂಡರು. ನನಗೂ ಆಸೆಯಾಯಿತು. ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆಗೆ ಹೇಳಿದೆ.

"ಸಮುದ್ರ ಇಲ್ಲಿಂದ ಎಷ್ಟು ದೂರ ಆಗ್ತದ?"

"ಒಂದು ರಾತ್ರಿ ಪೂರ್ತಿ ಬಸ್ಸಿನಾಗ ಹೋಗಬೇಕು ಅತ್ತಿ."

ಅತ್ತೆ ಮೊರ ಕೆಳಗಿಟ್ಟು ಬಲದೋಳನ್ನು ತಿಕ್ಕಿಕೊಂಡರು. "ಅಷ್ಟು ದೂರ ನನಗ ಆಗಂಗಿಲ್ಲ ಬೇ" ಅಂದರು.

"ನೀವು ಬರೋದು ಬ್ಯಾಡ ಅತ್ತಿ. ನಾ ಒಬ್ಬಾಕಿನೇ ಹೋಗಿ ಬರ್ತೀನಿ."

"ನಾ ಬರ್ತೀನಿ ಅಂತ ಯಾರಂದ್ರು?" ಎಂದು ಮತ್ತೆ ಮೊರ ಎತ್ತಿಕೊಂಡರು.

ನಾನು ಆ ಸ್ಪರ್ಧೆಗೆ ಹೆಸರು ಕೊಡಲಿಲ್ಲ.